ಮುಳುಗಿ ಏಳುವ ಚರ್ಚು, ಪಾಂಡವರ ಮನೆ, ಷಟ್ಕೋನದ ಕಡಲತೀರ

ವಾರ್ಷಿಕ ಪರೀಕ್ಷೆ ಮುಗಿದು ಬೇಸಿಗೆ ರಜೆ ಬಂತೆಂದರೆ ಮನೆಮನೆಯಲ್ಲೂ ಒಂದೇ ಚರ್ಚೆ: ಈ ಸಲ ಎಲ್ಲಿಗೆ? ಮಕ್ಕಳು ಸಮುದ್ರ ಎನ್ನುತ್ತಾರೆ. ಅಜ್ಜಿ ಸುಬ್ರಹ್ಮಣ್ಯ, ಧರ್ಮಸ್ಥಳ ಎನ್ನುತ್ತಾರೆ. ಅಪ್ಪ ಬಸ್ ಚಾರ್ಜಿನ ಲೆಕ್ಕ ಹಾಕುತ್ತಾರೆ. ಕೊನೆಗೆ ಎರಡು ದಿನದಲ್ಲಿ ಏಳು ಊರು ಸುತ್ತಿ, ಫೋಟೋ ತೆಗೆಸಿಕೊಂಡು, ಸುಸ್ತಾಗಿ ಮನೆ ಸೇರುವುದು ವಾಡಿಕೆ. ಶಾಲೆ ತೆರೆದ ಮೇಲೆ 'ನಾನು ಕಂಡ ಪ್ರವಾಸಿ ಸ್ಥಳ' ಎಂಬ ಪ್ರಬಂಧ ಬರೆಯಬೇಕಾದಾಗ ಮಗುವಿಗೆ ನೆನಪಿರುವುದು ಹೋಟೆಲಿನ ಮಸಾಲೆದೋಸೆ ಮಾತ್ರ!

ಹಾಸನ ಜಿಲ್ಲೆಯವರಿಗೆ ಪ್ರವಾಸವೆಂದರೆ ಬೇಲೂರು, ಹಳೇಬೀಡು, ಶ್ರವಣಬೆಳಗೊಳ. ಇವುಗಳ ಹಿರಿಮೆಯ ಬಗ್ಗೆ ಎರಡು ಮಾತಿಲ್ಲ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಾಲಯಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಯನ್ನೂ ಸೇರಿದವು. ಆದರೆ ಇದೇ ಸೀಮೆಯಿಂದ ಹೊರಟು ನಾಲ್ಕು ದಿನದೊಳಗೆ ನೋಡಿ ಬರಬಹುದಾದ ಇನ್ನೊಂದು ದಾರಿಯಿದೆ. ಅದರಲ್ಲಿ ನೀರಿನಲ್ಲಿ ಮುಳುಗಿ ಏಳುವ ಹಳೆಯ ಚರ್ಚಿದೆ, ಅಕ್ಷರ ಹುಟ್ಟುವ ಮುಂಚಿನ ಕಲ್ಲುಮನೆಗಳಿವೆ, ಕೊನೆಗೆ ಸಮುದ್ರವೂ ಇದೆ. ಇತಿಹಾಸ, ಭೂಗೋಳ, ರಸಾಯನಶಾಸ್ತ್ರ ಎಲ್ಲವೂ ಪಠ್ಯಪುಸ್ತಕದ ಹೊರಗೆ ಬಂದು ಕೈಗೆ ಸಿಗುವ ದಾರಿ ಇದು.

ಹೇಮಾವತಿಯ ದಡದ ಚರ್ಚು

ಹಾಸನದಿಂದ ಸುಮಾರು 20 ಕಿಲೋಮೀಟರ್ ದೂರದಲ್ಲಿ ಶೆಟ್ಟಿಹಳ್ಳಿ ಇದೆ. ಅಲ್ಲಿ ಹೇಮಾವತಿ ಜಲಾಶಯದ ಹಿನ್ನೀರಿನ ಅಂಚಿನಲ್ಲಿ, ಮಾಡಿಲ್ಲದೆ, ಕಿಟಕಿ ಬಾಗಿಲುಗಳಿಲ್ಲದೆ, ಎತ್ತರದ ಕಮಾನುಗಳ ಅಸ್ಥಿಪಂಜರದಂತೆ ನಿಂತಿರುವುದೇ ಹೋಲಿ ರೋಸರಿ ಚರ್ಚ್. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಇದನ್ನು ಗಾಥಿಕ್ ಶೈಲಿಯಲ್ಲಿ ಕಟ್ಟಿಸಿದರು. ಹತ್ತೊಂಬತ್ತನೆಯ ಶತಮಾನದ ಮಲೆನಾಡಿನಂಚಿನ ಒಂದು ಹಳ್ಳಿಯಲ್ಲಿ ಫ್ರಾನ್ಸ್ ದೇಶದ ಶೈಲಿಯ ಕಟ್ಟಡ ಏಕೆ ಎದ್ದಿತು ಎಂಬುದು ಮಕ್ಕಳು ಕೇಳಲೇಬೇಕಾದ ಪ್ರಶ್ನೆ.

ಉತ್ತರಕ್ಕೆ ಇನ್ನೂ ಅರವತ್ತು ವರ್ಷ ಹಿಂದೆ ಹೋಗಬೇಕು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಗೆ ಬಂದವರು ಅಬ್ಬೆ ದುಬಾಯ್ ಎಂಬ ಫ್ರೆಂಚ್ ಪಾದ್ರಿ. ನಮ್ಮ ಜನರ ಉಡುಪು ತೊಟ್ಟು, ನಮ್ಮ ಊಟ ಉಂಡು, ಹಳ್ಳಿಗಳಲ್ಲಿ ಓಡಾಡಿದ ಇವರನ್ನು ಜನ 'ದೊಡ್ಡಸ್ವಾಮಿಯವರು' ಎಂದು ಕರೆದರು. ಹಾಸನದ ಸಮೀಪದ ಸತ್ತಿಹಳ್ಳಿಯಲ್ಲಿ ಬೇಸಾಯದ ಒಂದು ಕ್ರೈಸ್ತ ವಸಾಹತನ್ನು ನೆಲೆಗೊಳಿಸಿದವರೂ ಇವರೇ. ವಿಜ್ಞಾನದ ವಿದ್ಯಾರ್ಥಿಗಳು ಇವರನ್ನು ನೆನೆಯಬೇಕಾದ ಕಾರಣ ಬೇರೊಂದಿದೆ. ಇಂಗ್ಲೆಂಡಿನ ಎಡ್ವರ್ಡ್ ಜೆನ್ನರ್ ಸಿಡುಬಿಗೆ ಹಸುವಿನ ಸಿಡುಬಿನ ಲಸಿಕೆಯನ್ನು ಪ್ರಯೋಗಿಸಿದ್ದು 1796ರಲ್ಲಿ. ಆ ಲಸಿಕೆ ಮುಂಬಯಿ ತಲುಪಿದ್ದು 1802ರಲ್ಲಿ. ಅದಾದ ಸ್ವಲ್ಪ ಕಾಲದಲ್ಲೇ ಮೈಸೂರು ಸೀಮೆಯಲ್ಲಿ ಜನರ ಮನವೊಲಿಸಿ ಲಸಿಕೆ ಹಾಕಿಸಲು ದುಡಿದವರಲ್ಲಿ ದುಬಾಯ್ ಮುಖ್ಯರು. ದೇವಿ ಸಿಡುಬಿಗೆ ಇಡೀ ಊರುಗಳೇ ಹೆದರುತ್ತಿದ್ದ ದಿನಗಳವು. 1980ರಲ್ಲಿ ಜಗತ್ತಿನಿಂದಲೇ ಸಿಡುಬು ತೊಲಗಿತೆಂದು ಘೋಷಣೆಯಾದಾಗ ಅದರ ಹಿಂದೆ ಇಂಥ ಎಷ್ಟೋ ಜನರ ನಡಿಗೆಯಿತ್ತು.

ಈಗ ಒಂದು ಸಣ್ಣ ಪರೀಕ್ಷೆ. ಶೆಟ್ಟಿಹಳ್ಳಿಯ ಚರ್ಚನ್ನು ದುಬಾಯ್ ಅವರೇ ಕಟ್ಟಿಸಿದರೆಂದು ಅಲ್ಲಿ ಬರುವ ಅನೇಕರು ಹೇಳುವುದುಂಟು. ಆದರೆ ಅವರು ಭಾರತ ಬಿಟ್ಟು ಹೊರಟದ್ದು 1823ರಲ್ಲಿ, ತೀರಿಕೊಂಡದ್ದು 1848ರಲ್ಲಿ. ಚರ್ಚು ಎದ್ದದ್ದು 1860ರ ದಶಕದಲ್ಲಿ. ಅಂದ ಮೇಲೆ ಅವರು ಬಿತ್ತಿದ ಬೀಜ ಇಲ್ಲಿರಬಹುದು, ಕಟ್ಟಿದ ಗೋಡೆ ಇರಲಾರದು. ಎರಡು ಇಸವಿಗಳನ್ನು ಅಕ್ಕಪಕ್ಕ ಇಟ್ಟು ನೋಡುವ ಈ ಅಭ್ಯಾಸ ಮಕ್ಕಳಿಗೆ ಬಂದರೆ ಪ್ರವಾಸದ ಖರ್ಚು ವಸೂಲಾದಂತೆಯೇ.

ಕಮಾನು ಏಕೆ ನಿಂತಿದೆ?

ಚರ್ಚಿನ ಒಳಗೆ ನಿಂತು ತಲೆಯೆತ್ತಿದರೆ ಮೊದಲು ಕಾಣುವುದು ಆಕಾಶ, ಆಮೇಲೆ ಕಮಾನುಗಳು. ಅವುಗಳ ತುದಿ ಅರ್ಧವೃತ್ತದಂತೆ ದುಂಡಗಿಲ್ಲ. ಜೋಡಿಸಿದ ಎರಡು ಅಂಗೈಗಳಂತೆ ಚೂಪಾಗಿದೆ. ಇದೇ ಗಾಥಿಕ್ ಶೈಲಿಯ ಗುರುತು. ಇದು ಬರೀ ಅಲಂಕಾರವಲ್ಲ. ದುಂಡು ಕಮಾನು ತನ್ನ ಮೇಲಿನ ಭಾರವನ್ನು ಎರಡೂ ಪಕ್ಕಕ್ಕೆ ಹೆಚ್ಚಾಗಿ ತಳ್ಳುತ್ತದೆ. ಚೂಪು ಕಮಾನಿನಲ್ಲಿ ಆ ಪಕ್ಕದ ತಳ್ಳು ಕಡಿಮೆಯಾಗಿ ಭಾರ ಹೆಚ್ಚಾಗಿ ಕೆಳಮುಖವಾಗಿ ಇಳಿಯುತ್ತದೆ. ಹಾಗಾಗಿ ಗೋಡೆಯನ್ನು ಎತ್ತರಿಸಬಹುದು, ದೊಡ್ಡ ಕಿಟಕಿಗಳನ್ನು ಇಡಬಹುದು. ಉಳಿದ ತಳ್ಳನ್ನು ತಡೆಯಲು ಗೋಡೆಯ ಹೊರಗೆ ಆನಿಕೆಯ ಕಂಬಗಳಿರುತ್ತವೆ.

ಇದನ್ನು ಮನೆಯಲ್ಲೇ ಪ್ರಯೋಗ ಮಾಡಿ ತಿಳಿಯಬಹುದು. ಒಂದು ತೆಳುವಾದ ಸರಪಳಿಯ ಎರಡು ತುದಿಗಳನ್ನು ಹಿಡಿದು ಇಳಿಬಿಡಿ. ಅದು ತಾನಾಗಿ ಒಂದು ಬಾಗಿದ ರೇಖೆಯಾಗುತ್ತದೆ. ಆ ಆಕಾರವನ್ನು ಕಾಗದದ ಮೇಲೆ ಬರೆದು ತಲೆಕೆಳಗು ಮಾಡಿದರೆ ತನ್ನ ಭಾರವನ್ನು ತಾನೇ ಹೊರಬಲ್ಲ ಕಮಾನಿನ ಆಕಾರ ಸಿಗುತ್ತದೆ. ಸರಪಳಿಯಲ್ಲಿ ಎಳೆತವಿದ್ದ ಕಡೆಯೆಲ್ಲ ಕಮಾನಿನಲ್ಲಿ ಒತ್ತಡವಿರುತ್ತದೆ. 1675ರಲ್ಲೇ ಇದನ್ನು ಗುರುತಿಸಿದವರು, ಸ್ಪ್ರಿಂಗಿನ ನಿಯಮದಿಂದ ಎಲ್ಲ ವಿದ್ಯಾರ್ಥಿಗಳಿಗೂ ಪರಿಚಿತರಾದ ರಾಬರ್ಟ್ ಹುಕ್. ಇಟ್ಟಿಗೆ ಮತ್ತು ಗಾರೆ ಒತ್ತಡವನ್ನು ಚೆನ್ನಾಗಿ ತಾಳುತ್ತವೆ, ಎಳೆತವನ್ನು ತಾಳಲಾರವು. ಆದ್ದರಿಂದಲೇ ಕಬ್ಬಿಣದ ಸರಳಿಲ್ಲದ ಈ ಕಮಾನುಗಳು ಮಾಡು ಹೋದ ಮೇಲೂ ನಿಂತಿವೆ.

ಸುಣ್ಣದ ಕಥೆ

ಈ ಗೋಡೆಗಳ ಗಾರೆಗೆ ಬೆಲ್ಲ, ಮೊಟ್ಟೆ ಬೆರೆಸಿದ್ದರೆಂದು ಊರವರು ಹೇಳುತ್ತಾರೆ. ಹಳೆಯ ಕೋಟೆಗಳ ಬಗ್ಗೆಯೂ ಇದೇ ಮಾತಿದೆ. ಬೆಲ್ಲ, ಮೊಟ್ಟೆಯ ಬಿಳಿ ಮುಂತಾದವನ್ನು ಸುಣ್ಣದ ಗಾರೆಗೆ ಸೇರಿಸುವ ಪದ್ಧತಿ ನಮ್ಮಲ್ಲಿ ಇದ್ದದ್ದು ನಿಜ. ಆದರೆ ಗಟ್ಟಿತನದ ಮೂಲ ಗುಟ್ಟು ಸುಣ್ಣದ್ದೇ.

ಸುಣ್ಣದ ಕಲ್ಲನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟಾಗ ಅದರೊಳಗಿನ ಇಂಗಾಲದ ಡೈ ಆಕ್ಸೈಡ್ ಹೊರಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ಅದಕ್ಕೆ ನೀರು ಹಾಕಿದರೆ ಕೊತಕೊತ ಕುದಿದು ಅರಳಿದ ಸುಣ್ಣವಾಗುತ್ತದೆ. ಅದನ್ನು ಮರಳಿನೊಡನೆ ಗಾಣದಲ್ಲಿ ಅರೆದರೆ ಗಾರೆ. ಗೋಡೆ ಸೇರಿದ ಗಾರೆ ಗಾಳಿಯಲ್ಲಿರುವ ಇಂಗಾಲದ ಡೈ ಆಕ್ಸೈಡನ್ನು ನಿಧಾನವಾಗಿ ಹೀರಿಕೊಂಡು ವರ್ಷಗಟ್ಟಲೆ ಗಟ್ಟಿಯಾಗುತ್ತ ಮತ್ತೆ ಸುಣ್ಣದ ಕಲ್ಲೇ ಆಗುತ್ತದೆ. ಕಲ್ಲಿನಿಂದ ಹೊರಟು ಕಲ್ಲಿಗೇ ಮರಳುವ ಈ ಚಕ್ರ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಸಮೀಕರಣದ ರೂಪದಲ್ಲಿ ಗೊತ್ತು. ಅದು ಗೋಡೆಯ ರೂಪದಲ್ಲಿ ಕಾಣುವುದು ಶೆಟ್ಟಿಹಳ್ಳಿಯಲ್ಲಿ.

ಇದೇ ಸುಣ್ಣಕ್ಕೆ ಒಂದು ಶತ್ರುವೂ ಇದೆ: ನೀರು. ಇಂಗಾಲದ ಡೈ ಆಕ್ಸೈಡ್ ಕರಗಿರುವ ನೀರು ಗಟ್ಟಿಯಾದ ಸುಣ್ಣವನ್ನು ಬಹು ನಿಧಾನವಾಗಿ ಕರಗಿಸುತ್ತದೆ. ಅದಕ್ಕಿಂತ ಹೆಚ್ಚು ಕೇಡು ಮಾಡುವುದು ನೆನೆಯುವುದು ಮತ್ತು ಒಣಗುವುದು. ನೆನೆದಾಗ ಇಟ್ಟಿಗೆಯ ಸಣ್ಣ ರಂಧ್ರಗಳಲ್ಲಿ ನೀರು ಏರುತ್ತದೆ. ಸೀಮೆಎಣ್ಣೆ ಬತ್ತಿಯಲ್ಲಿ ಏರಿದಂತೆ. ಒಣಗುವಾಗ ನೀರು ಆವಿಯಾಗಿ ಹೋಗುತ್ತದೆ, ಅದರಲ್ಲಿ ಕರಗಿದ್ದ ಲವಣ ಹರಳಾಗಿ ಅಲ್ಲೇ ಉಳಿಯುತ್ತದೆ. ಹರಳು ಬೆಳೆಯುತ್ತ ಇಟ್ಟಿಗೆಯ ಮೈಯನ್ನು ಒಳಗಿನಿಂದ ಒಡೆಯುತ್ತದೆ. ಸದಾ ನೀರಿನಲ್ಲೇ ಇರುವ ಗೋಡೆಗಿಂತ, ವರ್ಷಕ್ಕೊಮ್ಮೆ ಮುಳುಗಿ ವರ್ಷಕ್ಕೊಮ್ಮೆ ಒಣಗುವ ಗೋಡೆಗೆ ಆಯುಸ್ಸು ಕಡಿಮೆ.

ಶೆಟ್ಟಿಹಳ್ಳಿಯಲ್ಲಿ ಆಗುತ್ತಿರುವುದು ಇದೇ. 1979ರಲ್ಲಿ ಗೊರೂರಿನ ಬಳಿ ಹೇಮಾವತಿ ಅಣೆಕಟ್ಟು ಪೂರ್ಣಗೊಂಡಿತು. ಹಿನ್ನೀರು ಹರಡಿ ಹಳ್ಳಿಯ ಜನ ಹೊಲ ಮನೆ ಬಿಟ್ಟು ಬೇರೆಡೆ ನೆಲೆ ಕಾಣಬೇಕಾಯಿತು. ಚರ್ಚು ಮಾತ್ರ ಉಳಿಯಿತು. ಅಂದಿನಿಂದ ಮಳೆಗಾಲದಲ್ಲಿ ಜಲಾಶಯ ತುಂಬಿದಾಗ ಚರ್ಚಿನ ಕೆಳಭಾಗ ಮುಳುಗುತ್ತದೆ. ಬೇಸಿಗೆಯಲ್ಲಿ ನೀರು ಇಳಿದಾಗ ಕಾಲುನಡಿಗೆಯಲ್ಲಿ ಒಳಗೆ ಹೋಗಬಹುದು. ನಾಲ್ಕು ದಶಕಗಳಿಗೂ ಹೆಚ್ಚು ಕಾಲ ನಡೆದ ಈ ಸ್ನಾನದ ಫಲವಾಗಿ ಇತ್ತೀಚಿನ ಮಳೆಗಾಲಗಳಲ್ಲಿ ಗೋಡೆಯ ಭಾಗಗಳು ಕುಸಿದಿವೆ. ಆನಿಕೆ ಕುಸಿದರೆ ಕಮಾನಿನ ಪಕ್ಕದ ತಳ್ಳನ್ನು ತಡೆಯುವವರಿಲ್ಲ. ಒಂದು ಭಾಗ ಬಿದ್ದರೆ ಪಕ್ಕದ್ದಕ್ಕೂ ಅಪಾಯ.

ಹಾಗಾದರೆ ನೀರು ತುಂಬುವುದನ್ನೇ ನಿಲ್ಲಿಸಬಹುದೆ? ಜಲಾಶಯದ ಪೂರ್ಣ ಮಟ್ಟ 2,922 ಅಡಿ. ಸಾಮರ್ಥ್ಯ ಸುಮಾರು 37 ಟಿಎಂಸಿ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಅಂದರೆ ಸುಮಾರು 2,831 ಕೋಟಿ ಲೀಟರ್. 37ರಿಂದ ಗುಣಿಸಿದರೆ ಒಂದು ಲಕ್ಷ ಕೋಟಿ ಲೀಟರ್ ಮೀರುತ್ತದೆ. ಹಾಸನ, ಮಂಡ್ಯ, ತುಮಕೂರು ಜಿಲ್ಲೆಗಳ ಗದ್ದೆ ತೋಟಗಳು ಈ ನೀರನ್ನು ನೆಚ್ಚಿಕೊಂಡಿವೆ. ಹೊಳೆನರಸೀಪುರದ ರೈತನಿಗೆ ನಾಲೆಯಲ್ಲಿ ನೀರು ಬರಬೇಕು. ಶೆಟ್ಟಿಹಳ್ಳಿಯ ಗೋಡೆಗೆ ನೀರು ಬರಬಾರದು. ಎರಡೂ ನ್ಯಾಯವೇ. ಇಂಥ ಪ್ರಶ್ನೆಗೆ ಗೈಡ್ ಪುಸ್ತಕದ ಹಿಂದಿನ ಪುಟದಲ್ಲಿ ಉತ್ತರವಿರುವುದಿಲ್ಲ. ಮಕ್ಕಳೊಡನೆ ದಡದಲ್ಲಿ ಕೂತು ಚರ್ಚಿಸಬೇಕಾದ ವಿಷಯವಿದು.

ಅಣೆಕಟ್ಟಿನುದ್ದದ ಕಾಲಮಾನ

ಶೆಟ್ಟಿಹಳ್ಳಿಯಿಂದ ಮುಂದೆ ಗೊರೂರು. ಗೊರೂರು ರಾಮಸ್ವಾಮಿ ಅಯ್ಯಂಗಾರರ ಊರೆಂದು ಕನ್ನಡ ಪಾಠದಿಂದ ಎಲ್ಲರಿಗೂ ಗೊತ್ತು. ಆದರೆ ಇದೇ ಊರಿನ ಹೆಸರು ಭೂವಿಜ್ಞಾನಿಗಳ ಬರಹಗಳಲ್ಲೂ ಬರುತ್ತದೆ. ಗೊರೂರು-ಹಾಸನ ಭಾಗದ ನೈಸ್ ಎಂಬ ಪಟ್ಟೆಪಟ್ಟೆಯ ಶಿಲೆಗಳ ವಯಸ್ಸು ಸುಮಾರು 330 ಕೋಟಿ ವರ್ಷ. ಕರ್ನಾಟಕದ ಅತ್ಯಂತ ಹಳೆಯ ಶಿಲೆಗಳ ಸಾಲಿಗೆ ಇವು ಸೇರುತ್ತವೆ. ಶಿಲೆಯಲ್ಲಿರುವ ರುಬಿಡಿಯಂ ಎಂಬ ಧಾತುವಿನ ಒಂದು ಬಗೆ ಬಹು ನಿಧಾನವಾಗಿ ಸ್ಟ್ರಾನ್ಷಿಯಂ ಆಗಿ ಮಾರ್ಪಡುತ್ತದೆ. ಅರ್ಧದಷ್ಟು ಮಾರ್ಪಡಲು ಸುಮಾರು 4,900 ಕೋಟಿ ವರ್ಷ ಬೇಕು! ಎಷ್ಟು ಮಾರ್ಪಟ್ಟಿದೆ ಎಂದು ಅಳೆದು ಶಿಲೆಯ ವಯಸ್ಸನ್ನು ಲೆಕ್ಕ ಹಾಕುತ್ತಾರೆ.

ನೆರೆಯ ಹೊಳೆನರಸೀಪುರದ ಶಿಲಾಪಟ್ಟಿಯೂ ಇಷ್ಟೇ ಪ್ರಸಿದ್ಧ. ಗಾರ್ನೆಟ್, ಕಯನೈಟ್, ಸ್ಟಾರೊಲೈಟ್ ಎಂಬ ಖನಿಜಗಳು ಅಲ್ಲಿನ ಶಿಲೆಗಳಲ್ಲಿವೆ. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಗೆ ಹೋದವರು 1246ರ ಲಕ್ಷ್ಮೀನರಸಿಂಹ ದೇವಾಲಯವನ್ನು ನೋಡಿ ಬರುತ್ತಾರೆ. ಅದೇ ಸೀಮೆಯ ಬೈರಾಪುರದಲ್ಲಿ ಕ್ರೋಮೈಟ್ ಅದಿರಿನ ಗಣಿಯಿದೆ ಎಂಬುದನ್ನು ಬಲ್ಲವರು ಕಡಿಮೆ. ಕ್ರೋಮೈಟಿನಿಂದ ಬರುವ ಕ್ರೋಮಿಯಂ ಸೇರದಿದ್ದರೆ ಅಡುಗೆಮನೆಯ ಸ್ಟೀಲ್ ಲೋಟ ತುಕ್ಕು ಹಿಡಿಯುತ್ತಿತ್ತು. ಚನ್ನರಾಯಪಟ್ಟಣದಿಂದ ಸುಮಾರು 12 ಕಿಲೋಮೀಟರ್ ದೂರದ ಶ್ರವಣಬೆಳಗೊಳದಲ್ಲಿ, ಹತ್ತನೆಯ ಶತಮಾನದ ಕೊನೆಯಲ್ಲಿ ಚಾವುಂಡರಾಯ ಕೆತ್ತಿಸಿದ ಗೊಮ್ಮಟಮೂರ್ತಿ ನಿಂತಿರುವುದೂ ಇಂಥ ಹಳೆಯ ಶಿಲೆಯ ಬೆಟ್ಟದ ಮೇಲೆಯೇ.

ಕೋಟಿ ವರ್ಷ ಎಂದರೆ ಮಕ್ಕಳಿಗೆ ಕಣ್ಣಿಗೆ ಕಟ್ಟುವುದಿಲ್ಲ. ಅದಕ್ಕೊಂದು ಉಪಾಯವಿದೆ. ಗೊರೂರಿನ ಅಣೆಕಟ್ಟಿನ ಉದ್ದ 4,692 ಮೀಟರ್. ಒಂದು ಮಿಲಿಮೀಟರಿಗೆ ಸಾವಿರ ವರ್ಷ ಎಂದು ಅಳತೆ ಇಟ್ಟುಕೊಂಡರೆ ಭೂಮಿಯ ವಯಸ್ಸಾದ 454 ಕೋಟಿ ವರ್ಷ 4,540 ಮೀಟರ್ ಆಗುತ್ತದೆ. ಅಂದರೆ ಹತ್ತಿರಹತ್ತಿರ ಅಣೆಕಟ್ಟಿನಷ್ಟೇ ಉದ್ದ. ಇಂದಿನ ದಿನವನ್ನು ಒಂದು ತುದಿಯಲ್ಲಿಟ್ಟು ಹಿಂದಕ್ಕೆ ನಡೆದರೆ ಗೊರೂರಿನ ಶಿಲೆ ಹುಟ್ಟಿದ್ದು 3,300 ಮೀಟರ್ ದೂರದಲ್ಲಿ. ಗೊಮ್ಮಟ ಕೇವಲ ಒಂದು ಮಿಲಿಮೀಟರ್ ಹಿಂದೆ. ಶೆಟ್ಟಿಹಳ್ಳಿಯ ಚರ್ಚು? ಅದು ಒಂದು ಮಿಲಿಮೀಟರಿನ ಆರನೆಯ ಒಂದು ಭಾಗ. ಮನುಷ್ಯ ಕಟ್ಟಿದ್ದು ಎಷ್ಟು ಹೊಸದು, ಎಷ್ಟು ನಾಜೂಕು ಎಂದು ಈ ಲೆಕ್ಕ ಹೇಳುತ್ತದೆ.

ಪಾಂಡವರ ಮನೆಗಳು

ಅರಕಲಗೂಡು ತಾಲ್ಲೂಕನ್ನು ದಾಟಿದರೆ ಕೊಡಗಿನ ಸೋಮವಾರಪೇಟೆ. ದಾರಿಯಲ್ಲಿ ಬಿಡುವಿದ್ದರೆ ಕಾವೇರಿಯ ದಡದ ರಾಮನಾಥಪುರದಲ್ಲಿ ಇಳಿದು, ಯಾರೂ ಹಿಡಿಯದೆ ಕಾಪಾಡಿಕೊಂಡು ಬಂದಿರುವ ದೊಡ್ಡ ಮೀನುಗಳನ್ನು ನೋಡಬಹುದು. ಸೋಮವಾರಪೇಟೆಯ ಹತ್ತಿರದ ದೊಡ್ಡಮಳ್ತೆ ಹೊನ್ನಮ್ಮನ ಕೆರೆಯಿಂದ ಹೆಸರಾದ ಊರು. ಅಲ್ಲೇ ಇತಿಹಾಸಪೂರ್ವ ಕಾಲದ ಕಲ್ಲುಗೋರಿಗಳೂ ಇವೆ. ನಾಲ್ಕು ಚಪ್ಪಡಿಗಳನ್ನು ನಿಲ್ಲಿಸಿ ಮೇಲೊಂದು ದೊಡ್ಡ ಚಪ್ಪಡಿ ಮುಚ್ಚಿ ಕಟ್ಟಿದ ಇಂಥ ಗೋರಿಗಳಿಗೆ ಕೊಡಗಿನಲ್ಲಿ 'ಪಾಂಡವರ ಮನೆ' ಎಂದು ಹೆಸರು. ಎಷ್ಟೋ ಗೋರಿಗಳ ಒಂದು ಚಪ್ಪಡಿಯಲ್ಲಿ ದುಂಡನೆಯ ಕಿಂಡಿಯಿರುತ್ತದೆ.

ಇತಿಹಾಸಪೂರ್ವ ಎಂದರೆ ಬರಹ ಇಲ್ಲದ ಕಾಲ. ನಮ್ಮ ನಾಡಿನಲ್ಲಿ ಓದಿ ಅರ್ಥಮಾಡಿಕೊಂಡ ಮೊದಲ ಬರಹಗಳೆಂದರೆ ಕ್ರಿ.ಪೂ. ಮೂರನೆಯ ಶತಮಾನದ ಅಶೋಕನ ಶಾಸನಗಳು. ಬೃಹತ್ ಶಿಲೆಗಳ ಗೋರಿ ಕಟ್ಟುವ ಪದ್ಧತಿ ಅದಕ್ಕಿಂತ ಹಳೆಯದು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವೂ ಇದೆ, ಇಂಥ ಗೋರಿಗಳೂ ಇವೆ. 1947ರಲ್ಲಿ ಮಾರ್ಟಿಮರ್ ವೀಲರ್ ಅಲ್ಲಿ ಉತ್ಖನನ ನಡೆಸಿದರು. ಈ ಗೋರಿಗಳಲ್ಲಿ ಕಬ್ಬಿಣದ ಉಪಕರಣಗಳು, ಕಪ್ಪು-ಕೆಂಪು ಬಣ್ಣದ ಮಡಕೆಗಳು ಸಿಕ್ಕಿವೆ. ಕಬ್ಬಿಣ ಕಾಯಿಸಲು ಕಲಿತ ಜನರ ಗುರುತುಗಳಿವು.

ಇವನ್ನೇ ದೊಡ್ಡ ಪ್ರಮಾಣದಲ್ಲಿ ನೋಡಬೇಕೆನ್ನುವವರು ಇನ್ನೊಂದು ರಜೆಯಲ್ಲಿ ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿಗೆ ಹೋಗಬೇಕು. ಬೆಟ್ಟದ ಮೇಲೆ ಸುಮಾರು 400 ಕಲ್ಲಿನ ರಚನೆಗಳಿರುವ ಆ ನೆಲೆ 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಯನ್ನು ಸೇರಿತು. ಬಡಿದರೆ ನಗಾರಿಯಂತೆ ಸದ್ದು ಮಾಡುವ ದೊಡ್ಡ ಗುಂಡೊಂದು ಅಲ್ಲಿದೆ.

ಭೀಮನಲ್ಲದೆ ಇನ್ನಾರು ಇಂಥ ಕಲ್ಲು ಎತ್ತಿಯಾರು ಎಂದು ಜನ ಪಾಂಡವರ ಹೆಸರಿಟ್ಟರು. ಆ ಅಚ್ಚರಿ ಸಹಜವೇ. ಎರಡು ಮೀಟರ್ ಉದ್ದ, ಎರಡು ಮೀಟರ್ ಅಗಲ, 15 ಸೆಂಟಿಮೀಟರ್ ದಪ್ಪದ ಒಂದು ಚಪ್ಪಡಿಯನ್ನು ಊಹಿಸಿಕೊಳ್ಳಿ. ಅದರ ಗಾತ್ರ 0.6 ಘನ ಮೀಟರ್. ಒಂದು ಘನ ಮೀಟರ್ ಗ್ರಾನೈಟ್ ಸುಮಾರು 2,700 ಕಿಲೋ ತೂಗುತ್ತದೆ. ಅಂದರೆ ಚಪ್ಪಡಿಯ ತೂಕ 1,620 ಕಿಲೋ. ತಲಾ 60 ಕಿಲೋ ತೂಗುವ 27 ಜನರಷ್ಟು. ಕ್ರೇನ್ ಇಲ್ಲದೆ ಇದನ್ನು ಹೇಗೆ ಎಬ್ಬಿಸಿದರು? ಬಂಡೆಯ ಮೇಲೆ ಬೆಂಕಿ ಹಾಕಿದರೆ ಮೇಲ್ಪದರ ಬಿಸಿಯಾಗಿ ಹಿಗ್ಗುತ್ತದೆ, ಒಳಪದರ ತಣ್ಣಗೇ ಇರುತ್ತದೆ. ಆ ಎಳೆದಾಟದಲ್ಲಿ ಚಕ್ಕೆ ಸಡಿಲವಾಗುತ್ತದೆ. ಕಲ್ಲು ಒಡೆಯುವವರು ತೀರ ಈಚಿನವರೆಗೂ ಈ ವಿದ್ಯೆಯನ್ನು ಬಳಸುತ್ತಿದ್ದರು. ಆಮೇಲೆ ಸನ್ನೆಗೋಲು, ಉರುಳುವ ಮರದ ದಿಮ್ಮಿ, ಮಣ್ಣಿನ ಇಳಿಜಾರು. ಮಕ್ಕಳು ಓದುವ ಸರಳ ಯಂತ್ರಗಳೇ ಇವು. ಇದರ ಜತೆಗೆ ಇನ್ನೊಂದು ಬೇಕಿತ್ತು: ತೀರಿಕೊಂಡವರಿಗಾಗಿ ಹತ್ತಾರು ಜನ ಒಟ್ಟಿಗೆ ಹೆಗಲು ಕೊಡುವ ಮನಸ್ಸು.

ಈ ಗೋರಿಗಳಿಗೂ ಆಪತ್ತಿದೆ. ನಿಧಿಯಾಸೆಗೆ ಬಗೆದವರಿದ್ದಾರೆ, ಸಿದ್ಧ ಚಪ್ಪಡಿ ಸಿಕ್ಕಿತೆಂದು ಕಾಲುವೆಗೆ, ಅಂಗಳಕ್ಕೆ ಹಾಸಿಕೊಂಡವರಿದ್ದಾರೆ. ಬರಹವಿಲ್ಲದ ಜನ ಬಿಟ್ಟುಹೋದ ಪುಸ್ತಕ ಇದೊಂದೇ. ಒಂದು ಕಲ್ಲು ಕದಲಿದರೆ ಒಂದು ಹಾಳೆ ಹರಿದಂತೆ.

ಘಟ್ಟ ಇಳಿದರೆ ಕಡಲು

ಇಲ್ಲಿಂದ ಸಕಲೇಶಪುರಕ್ಕೆ ಬಂದು ಘಟ್ಟ ಇಳಿಯಬೇಕು. ರೈಲಿನಲ್ಲಿ ಹೋದರೆ ಸಕಲೇಶಪುರ–ಸುಬ್ರಹ್ಮಣ್ಯದ ನಡುವೆ 57 ಸುರಂಗಗಳು ಸಿಗುತ್ತವೆ. ಎಣಿಸುವುದೇ ಮಕ್ಕಳಿಗೆ ಆಟ. ಇಲ್ಲಿ ಗಮನಿಸಬೇಕಾದದ್ದು ನೀರಿನ ದಿಕ್ಕು. ಸಕಲೇಶಪುರದ ಹೇಮಾವತಿ ಪೂರ್ವಕ್ಕೆ ತಿರುಗಿ, ಕಾವೇರಿ ಸೇರಿ, ಬಂಗಾಳ ಕೊಲ್ಲಿಯವರೆಗೆ ಸಾಗುತ್ತದೆ. ಕೆಲವೇ ಕಿಲೋಮೀಟರ್ ಆಚೆ ಬಿದ್ದ ಮಳೆ ನೇತ್ರಾವತಿಯ ಪಾಲಾಗಿ ಅರಬ್ಬೀ ಸಮುದ್ರ ಸೇರುತ್ತದೆ. ಒಂದೇ ಮೋಡದ ಎರಡು ಹನಿಗಳು ಎರಡು ಸಮುದ್ರಗಳಿಗೆ!

ಕರಾವಳಿಯಲ್ಲಿ ಚರ್ಚಿಗೆ 'ಇಗರ್ಜಿ' ಎಂಬ ಹೆಸರೇ ರೂಢಿ. ಪೋರ್ಚುಗೀಸರ 'ಇಗ್ರೇಜ' ಎಂಬ ಮಾತು ಹೀಗೆ ನಮ್ಮದಾಗಿದೆ. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾ ಮಂದಿರದಲ್ಲಿ ಶೆಟ್ಟಿಹಳ್ಳಿಯ ಸುಣ್ಣದ ಪಾಠ ಮುಂದುವರಿಯುತ್ತದೆ. ಇಟಲಿಯಿಂದ ಬಂದ ಅಂಟೋನಿಯೊ ಮೊಸ್ಕೇನಿ ಎಂಬ ಕಲಾವಿದ 1899ರಿಂದ ಸುಮಾರು ಎರಡು ವರ್ಷ ದುಡಿದು ಅದರ ಗೋಡೆ, ಚಾವಣಿಗಳನ್ನು ಚಿತ್ರಗಳಿಂದ ತುಂಬಿದರು. ಇವುಗಳಲ್ಲಿ ಹೆಚ್ಚಿನವು ಫ್ರೆಸ್ಕೋ, ಅಂದರೆ ಹಸಿ ಸುಣ್ಣದ ಗಿಲಾವಿನ ಮೇಲೆ ಬರೆದ ಚಿತ್ರಗಳು. ಗಿಲಾವು ಒಣಗುವ ಮುಂಚೆ ಬಣ್ಣ ಹಾಕಬೇಕು. ಸುಣ್ಣ ಗಟ್ಟಿಯಾಗುವಾಗ ಬಣ್ಣದ ಕಣಗಳನ್ನು ಹರಳಿನೊಳಗೆ ಹಿಡಿದುಕೊಳ್ಳುತ್ತದೆ; ಅಂಟು ಬೇಕಿಲ್ಲ. ಕರಾವಳಿಯ ತೇವದಿಂದ ಕೆಟ್ಟಿದ್ದ ಈ ಚಿತ್ರಗಳನ್ನು 1990ರ ದಶಕದ ಆರಂಭದಲ್ಲಿ ಇಂಟ್ಯಾಕ್ ಸಂಸ್ಥೆಯ ತಜ್ಞರು ಜೀರ್ಣೋದ್ಧಾರ ಮಾಡಿದರು. ಕಾಳಜಿ ಮತ್ತು ವಿಜ್ಞಾನ ಕೈಜೋಡಿಸಿದರೆ ಸುಣ್ಣದ ಆಯುಸ್ಸನ್ನು ಹೆಚ್ಚಿಸಬಹುದು ಎಂಬುದಕ್ಕೆ ಇದು ಕಣ್ಣೆದುರಿನ ಸಾಕ್ಷಿ.

ಕೊನೆಯ ನಿಲ್ದಾಣ ಉಡುಪಿಯ ಮಲ್ಪೆ. ಅಲ್ಲಿಂದ ದೋಣಿಯಲ್ಲಿ ಸೇಂಟ್ ಮೇರಿಸ್ ದ್ವೀಪ. ಆರು ಮೂಲೆಯ ಪೆನ್ಸಿಲುಗಳನ್ನು ಕಟ್ಟು ಕಟ್ಟಿ ನಿಲ್ಲಿಸಿದಂತೆ ಕಲ್ಲಿನ ಕಂಬಗಳು! ಯಾವ ಶಿಲ್ಪಿಯೂ ಇವನ್ನು ಕೆತ್ತಿಲ್ಲ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಭೂಭಾಗ ಭಾರತದಿಂದ ಸೀಳಿ ದೂರವಾದ ಕಾಲದಲ್ಲಿ ಉಕ್ಕಿದ ಲಾವಾ ಇದು. ಬಿಸಿ ಲಾವಾ ತಣ್ಣಗಾಗುವಾಗ ಕುಗ್ಗುತ್ತದೆ. ಕುಗ್ಗುವಾಗ ಬಿರುಕು ಬಿಡುತ್ತದೆ. ಒಂದೇ ಬಗೆಯಲ್ಲಿ ಎಲ್ಲ ಕಡೆಗೂ ಎಳೆತವಿದ್ದಾಗ ಮೂರು ಬಿರುಕುಗಳು 120 ಡಿಗ್ರಿ ಕೋನದಲ್ಲಿ ಕೂಡುವುದೇ ಸುಲಭದ ದಾರಿ. ಅದರಿಂದ ಷಟ್ಕೋನಗಳು ಮೂಡುತ್ತವೆ. ಅಲ್ಲಲ್ಲಿ ಐದು, ಏಳು ಮೂಲೆಯವೂ ಇರುತ್ತವೆ. ತಣ್ಣಗಾಗುತ್ತ ಹೋದಂತೆ ಬಿರುಕು ಆಳಕ್ಕಿಳಿದು ಕಂಬಗಳಾಗುತ್ತವೆ. ಉತ್ತರ ಐರ್ಲೆಂಡಿನ ಜೈಂಟ್ಸ್ ಕಾಸ್‌ವೇ ಎಂಬ ತೀರದಲ್ಲಿ ಇಂಥ ಸುಮಾರು 40,000 ಕಂಬಗಳಿವೆ. ಅಲ್ಲಿನ ಜನ ಅದನ್ನು ದೈತ್ಯನ ಹಾದಿ ಎಂದರು. ನಮ್ಮವರು ಭೀಮನನ್ನು ನೆನೆದಂತೆಯೇ!

ಇದೇ ಬಿರುಕಿನ ಪಾಠದ ಮೊದಲ ಪುಟವನ್ನು ಮಕ್ಕಳು ಶೆಟ್ಟಿಹಳ್ಳಿಯಲ್ಲೇ ನೋಡಿರುತ್ತಾರೆ. ಬೇಸಿಗೆಯಲ್ಲಿ ಹಿನ್ನೀರು ಇಳಿದ ಮೇಲೆ ದಡದ ಕೆಸರು ಒಣಗಿ ಬಿರಿಯುತ್ತದಲ್ಲ, ಅದೂ ಕುಗ್ಗುವಿಕೆಯ ಬಿರುಕೇ. ಅಲ್ಲಿ ಕುಗ್ಗಿಸಿದ್ದು ನೀರಿನ ನಷ್ಟ, ಇಲ್ಲಿ ಶಾಖದ ನಷ್ಟ. ಎರಡನ್ನೂ ಚಿತ್ರ ಬರೆದುಕೊಂಡು ಮೂಲೆಗಳನ್ನು ಕೋನಮಾಪಕದಿಂದ ಅಳೆದು ಹೋಲಿಸಿದರೆ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಒಳ್ಳೆಯ ಪ್ರಾಜೆಕ್ಟ್ ಸಿದ್ಧ.

ಪಾಲಕರಿಗೆ ಕೆಲವು ಮಾತು

ಚರ್ಚಿನ ಒಳಗೆ ನಡೆಯಬೇಕೆನ್ನುವವರು ಮಾರ್ಚ್–ಮೇ ನಡುವೆ ಹೋಗಬೇಕು. ನೀರಿನಲ್ಲಿ ನಿಂತ ಚರ್ಚನ್ನು ನೋಡಬೇಕೆನ್ನುವವರು ಮಳೆಗಾಲ ಬಲಿತ ಮೇಲೆ, ದೂರದ ದಡದಿಂದ. ಎರಡೂ ಸಲ ನೋಡಿದರೆ ಮೇಲೆ ಹೇಳಿದ ಪಾಠ ಪೂರ್ತಿಯಾಗುತ್ತದೆ. ಹಿನ್ನೀರಿನಲ್ಲಿ ಇಳಿಯುವುದು ಬೇಡವೇ ಬೇಡ. ಕೆಸರಿನ ತಳ ಎಲ್ಲಿ ಹಠಾತ್ತನೆ ಆಳವಾಗುತ್ತದೋ ಈಜು ಬಲ್ಲವರಿಗೂ ತಿಳಿಯುವುದಿಲ್ಲ. ಸಡಿಲಗೊಂಡ ಗೋಡೆ, ಕಮಾನುಗಳ ಕೆಳಗೆ ನಿಲ್ಲುವುದು, ಮೇಲೆ ಹತ್ತುವುದು ಎರಡೂ ಅಪಾಯ. ಮಲ್ಪೆಯ ದ್ವೀಪಕ್ಕೆ ಮಳೆಗಾಲದಲ್ಲಿ ದೋಣಿ ಹೋಗುವುದಿಲ್ಲ. ಉಳಿದ ದಿನಗಳಲ್ಲೂ ಅಲೆ ಬಡಿಯುವ ಕಲ್ಲುಗಳ ಮೇಲೆ ಮಕ್ಕಳನ್ನು ಬಿಡಬಾರದು.

ಜತೆಯಲ್ಲಿ ಒಯ್ಯಬೇಕಾದದ್ದು ಹೆಚ್ಚೇನಿಲ್ಲ. ಒಂದು ನೋಟ್‌ಬುಕ್, ಅಳತೆಯ ಟೇಪು, ಕೋನಮಾಪಕ, ಭೂತಗನ್ನಡಿ, ಬುತ್ತಿ. ಮಕ್ಕಳಿಗೆ ಎಲ್ಲವನ್ನೂ ವಿವರಿಸಿ ಹೇಳುವ ಹಟ ಬೇಡ. ಒಂದೊಂದು ಸ್ಥಳದಲ್ಲಿ ಒಂದೊಂದು ಪ್ರಶ್ನೆ ಕೇಳಿ ಸುಮ್ಮನಿದ್ದರೆ ಸಾಕು. ಉತ್ತರ ದಾರಿಯಲ್ಲಿ ತಾನಾಗಿ ಬರುತ್ತದೆ. ಮೂರು ಸ್ಥಳಗಳನ್ನು ನಿಧಾನವಾಗಿ ನೋಡುವುದು ಹದಿಮೂರು ಸ್ಥಳಗಳನ್ನು ಓಡಿ ನೋಡುವುದಕ್ಕಿಂತ ಮೇಲು.

ಚರ್ಚಿನ ಗೋಡೆಯ ಮೇಲೆ ಹೆಸರು ಕೊರೆದವರು ಬಹಳ. ನೆನಪಿಗೆಂದು ಇಟ್ಟಿಗೆಯ ಚೂರು ಎತ್ತಿಕೊಂಡು ಹೋಗುವವರೂ ಇದ್ದಾರೆ. ಗಾರೆಯ ಮೇಲ್ಪದರವನ್ನು ಕೊರೆದಲ್ಲೆಲ್ಲ ನೀರು ಇಳಿಯಲು ಒಂದು ಬಾಗಿಲು ತೆರೆದಂತೆ. ಹೆಸರು ಬರೆಯುವ ಆಸೆಯಿದ್ದವರು ಅದನ್ನು ಬೇರೆ ರೀತಿಯಲ್ಲಿ ತೀರಿಸಿಕೊಳ್ಳಬಹುದು. ಹಾಸನ ಸುತ್ತಿನ ಯಾವುದೇ ಶಾಲೆ ಪ್ರತಿ ವರ್ಷ ಒಂದೇ ತಿಂಗಳಲ್ಲಿ, ಒಂದೇ ಜಾಗದಲ್ಲಿ ನಿಂತು, ಚರ್ಚಿನ ನಾಲ್ಕೂ ಮುಖಗಳ ಫೋಟೋ ತೆಗೆದು, ತಾರೀಕು ಮತ್ತು ಅಂದಿನ ಜಲಾಶಯದ ಮಟ್ಟ ಬರೆದಿಡಲಿ. ಮಟ್ಟ ಮಳೆಗಾಲದಲ್ಲಿ ದಿನಪತ್ರಿಕೆಯಲ್ಲೇ ಬರುತ್ತದೆ. ಐದು ವರ್ಷದಲ್ಲಿ ಎಲ್ಲಿ ಬಿರುಕು ಹೆಚ್ಚಿತು, ಯಾವ ಆನಿಕೆ ಬಾಗಿತು ಎಂಬುದಕ್ಕೆ ಒಂದು ದಾಖಲೆಯಾಗುತ್ತದೆ. ಮುಂದೆ ಯಾರಾದರೂ ಗೋಡೆಗಳಿಗೆ ಆಸರೆ ಕೊಡಲು ಹೊರಟರೆ ಮೊದಲು ಬೇಕಾಗುವುದು ಅದೇ. ಆಸರೆ ಬರುವ ಮುಂಚೆ ಗೋಡೆಯೇ ಹೋದರೆ, ಶೆಟ್ಟಿಹಳ್ಳಿಯನ್ನು ಬಿಟ್ಟು ಹೋದವರ ಮೊಮ್ಮಕ್ಕಳಿಗೆ ತೋರಿಸಲು ಉಳಿಯುವುದೂ ಅದೇ. ಆ ದಾಖಲೆಯ ಕೆಳಗೆ ಶಾಲೆಯ ಮಕ್ಕಳೆಲ್ಲರೂ ತಮ್ಮ ಹೆಸರನ್ನು ಧಾರಾಳವಾಗಿ ಬರೆಯಬಹುದು.